ಊರ ಕಾಡು ಅಂದರೆ ಎಲ್ಲರ ಕಾಡೇ?

ಹಂಗೇರಿಯ ರೈತರು ಕಾಡನ್ನು ಒಟ್ಟಾಗಿ ಇಟ್ಟುಕೊಂಡಿದ್ದ ಕತೆ ಹೇಳಿದಾಗಲೆಲ್ಲ ಒಂದೇ ಪ್ರಶ್ನೆ: 'ಹಾಗಾದರೆ ಊರಲ್ಲಿ ಯಾರು ಬೇಕಾದರೂ ಮರ ಕಡಿದುಕೊಳ್ಳಬಹುದಿತ್ತಾ?' ಇಲ್ಲ. ಊರಿನ ಎಲ್ಲರಿಗೂ ಅದರಲ್ಲಿ ಪಾಲು ಕೂಡ ಇರಲಿಲ್ಲ.

ಮೊದಲು ಕಾಡು ಜಮೀನ್ದಾರ ಒಡೆಯನದು. ಅವನ ಜಮೀನಿಗೆ ಕಟ್ಟುಬಿದ್ದ ಒಕ್ಕಲಿಗೆ ಇದ್ದದ್ದು ಬಳಕೆಯ ಹಕ್ಕು ಮಾತ್ರ: ಬಿದ್ದ ಒಣಗಟ್ಟಿಗೆ ತರುವುದು, ದನ ಮೇಯಿಸುವುದು, ಹಂದಿ ಮೇಯಿಸುವುದು. ಹಂದಿ ಮೇಯಿಸುವುದನ್ನು ಸಣ್ಣದೆಂದು ತಿಳಿಯಬೇಡಿ. ಶರತ್ಕಾಲದಲ್ಲಿ ಓಕ್ ಮರದ ಕಾಯಿ ಉದುರುವ ಹೊತ್ತಿಗೆ ಬಕೋನಿಯಂಥ ಗುಡ್ಡಗಾಡುಗಳಿಗೆ ಹಂದಿಹಿಂಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಕಾಯಿ ತಿಂದು ಕೊಬ್ಬಿದ ಹಂದಿಯೇ ಚಳಿಗಾಲದ ಮಾಂಸ, ವರ್ಷದ ಕೊಬ್ಬು. ಮರದ ದಿಮ್ಮಿಗಿಂತ ಈ ಕಾಯಿಗೇ ಹೆಚ್ಚು ಬೆಲೆಯಿದ್ದ ಕಾಲವದು. ಒಡೆಯ ಅದಕ್ಕೂ ಸುಂಕ ಎತ್ತುತ್ತಿದ್ದ. 1767ರಲ್ಲಿ ರಾಣಿ ಮರಿಯಾ ಥೆರೇಸಾ ಹೊರಡಿಸಿದ 'ಉರ್ಬಾರಿಯಂ' ಎಂಬ ಕಟ್ಟಳೆ ಯಾರಿಗೆ ಎಷ್ಟು ಹೊಲ, ಎಷ್ಟು ಬಿಟ್ಟಿ ದುಡಿಮೆ, ಕಾಡಿನಲ್ಲಿ ಏನು ಹಕ್ಕು ಎಂಬುದನ್ನು ಬರಹಕ್ಕೆ ಇಳಿಸಿತು.

1848ರಲ್ಲಿ ಒಕ್ಕಲುಗಳು ಬಿಡುಗಡೆಯಾದರು, ಉಳುತ್ತಿದ್ದ ಹೊಲ ಅವರದಾಯಿತು. ಕಾಡಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. 1853ರ ರಾಜಾಜ್ಞೆಯ ಮೇಲೆ ಒಡೆಯನ ಕಾಡು ಬೇರೆ, ರೈತರ ಕಾಡು ಬೇರೆ ಎಂದು ಗಡಿ ಹಾಕುವ ಕೆಲಸ ಶುರುವಾಯಿತು. ವ್ಯಾಜ್ಯಗಳು ದಶಕಗಟ್ಟಲೆ ಎಳೆದವು. ಸೌದೆಯ ಹಕ್ಕಿಗೆ ಬದಲಾಗಿ ಸಿಕ್ಕ ತುಂಡುಗಳೇ ಮುಂದೆ 'ಉರ್ಬೇರಿ' ಕಾಡುಗಳಾದವು, ಅಂದರೆ ಹಳೆಯ ಒಕ್ಕಲುಗಳು ಒಟ್ಟಾಗಿ ಹಿಡಿದ ಕಾಡುಗಳು. ಇದು ಅನಾದಿ ಕಾಲದ ಗ್ರಾಮಸಮುದಾಯದ ಉಳಿಕೆ ಎಂದು ಕೆಲವರು ಭಾವುಕರಾಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಳಕೆ ಹಳೆಯದು, ಒಡೆತನ ಹುಟ್ಟಿದ್ದು ಈ ಕಾಗದದ ಮೇಲೆ.

ಪಾಲು ನಿಂತಿದ್ದು ಹಳೆಯ ಹಿಡುವಳಿಯ ಅಳತೆಯ ಮೇಲೆ. ಪೂರ್ಣ ಹಿಡುವಳಿಯವನಿಗೆ ದೊಡ್ಡ ಪಾಲು, ಮನೆಯಷ್ಟೇ ಇದ್ದು ಹೊಲವಿಲ್ಲದವನಿಗೆ ಅದರ ಚೂರು, ಆಳಾಗಿ ದುಡಿಯುವವನಿಗೆ ಏನೂ ಇಲ್ಲ. ನೆಲವನ್ನು ತುಂಡು ಮಾಡದೆ ಲೆಕ್ಕದಲ್ಲಷ್ಟೇ ಹಂಚಿಕೊಂಡಿದ್ದರು. ಬಡ ಕುಲೀನರು ಒಟ್ಟಾಗಿ ಆಸ್ತಿ ಹಿಡಿದ 'ಕೋಜ್‌ಬಿರ್ತೊಕೊಶ್ಶಾಗ್' ಎಂಬ ಕೂಟಗಳು ಬೇರೆ ಇದ್ದವು. ಪಾಲುದಾರನೂ ಮನಬಂದಂತೆ ಕೊಡಲಿ ಎತ್ತುವಂತಿರಲಿಲ್ಲ: 1879ರ ಅರಣ್ಯ ಕಾಯ್ದೆ ಕಡಿತಕ್ಕೆ ಯೋಜನೆ ಬೇಕೆಂದಿತು, 1898ರ ಕಾಯ್ದೆ ಇಂಥ ಕಾಡುಗಳ ನಿರ್ವಹಣೆಯನ್ನು ಸರ್ಕಾರಿ ಅರಣ್ಯಾಧಿಕಾರಿಗಳಿಗೆ ಒಪ್ಪಿಸಿತು.

ಕಮ್ಯುನಿಸ್ಟರ ಕಾಲದಲ್ಲಿ ರೈತರದೂ ಕುಲೀನರದೂ ಆದ ಈ ಎರಡೂ ಬಗೆಯ ಕೂಟಗಳು ಮುಚ್ಚಿಹೋದವು. 1990ರ ನಂತರ ಹಂಗೇರಿಯಲ್ಲಿ ಖಾಸಗಿಗೆ ಮರಳಿದ ಎಷ್ಟೋ ಕಾಡುಗಳಿಗೆ ಈಗ ಒಂದೇ ತುಂಡಿಗೆ ಹತ್ತಾರು ವಾರಸುದಾರರು, ಒಂದು ಮಾತಿಗೆ ಬರುವುದೇ ಕಷ್ಟ. 1920ರ ತನಕ ಹಂಗೇರಿಯೊಳಗಿದ್ದ ಸ್ಲೊವಾಕಿಯಾದಲ್ಲಿ ಅಂಥ ಕೂಟಗಳು ಮತ್ತೆ ಎದ್ದಿವೆ. ಅಲ್ಲಿನ ಹಳ್ಳಿಗರು ಅವನ್ನು ಇವತ್ತಿಗೂ 'ಉರ್ಬಾರ್' ಎಂದೇ ಕರೆಯುತ್ತಾರೆ.