ತೆನೆ ಹಬ್ಬದ ದಿನ ಮಾಯ್ ಕೇಳಿದ ಮಾತು

ತೆನೆ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ ಮಂಗಳೂರು ಕಡೆಯ ನಾವು ಕ್ರೈಸ್ತರು ಮಾಡುವ ಹೊಸ ಬೆಳೆಯ ಹಬ್ಬ, ಮುಗಿದು ಮೂರು ದಿನವಾಯಿತು. ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ನೋವಿದೆ. ಹೊಸ ಭತ್ತದ ಸಿಪ್ಪೆಯ ಮೊನೆ ಚುಚ್ಚಿದ್ದು. ಪ್ರತಿ ವರ್ಷ ಚುಚ್ಚುತ್ತದೆ. ಮಿಕ್ಸಿಗೆ ಹಾಕಿದರೆ ಅರ್ಧ ನಿಮಿಷದ ಕೆಲಸ ಅಲ್ವಾ ಅಂತ ಮಗ ಪ್ರತಿ ವರ್ಷ ಹೇಳುತ್ತಾನೆ. ನಾನು ಕೇಳುವುದಿಲ್ಲ. ಒಂದೊಂದೇ ಕಾಳನ್ನು ಉಗುರಿನಲ್ಲಿ ಸುಲಿಯಬೇಕು. ಹಸಿ ಭತ್ತದ ಆ ವಾಸನೆ ಬೆರಳಿಗೆ ಅಂಟಬೇಕು. ಇಲ್ಲದಿದ್ದರೆ ನನಗೆ ಸೆಪ್ಟೆಂಬರ್ 8 ಬಂದ ಹಾಗೇ ಅನಿಸುವುದಿಲ್ಲ.

ಇದು ಮಾಯ್ ಕಲಿಸಿದ್ದು. ಅಪ್ಪನ ಅಮ್ಮನನ್ನು ನಾವು ಮಾಯ್ ಅಂತಲೇ ಕರೆಯುತ್ತಿದ್ದೆವು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಕೊಟ್ಟ ತೆನೆಯನ್ನು ಅಪ್ಪ ಮನೆಗೆ ತಂದು ದೇವರ ಪೀಠದ ಮೇಲೆ ಇಡುತ್ತಿದ್ದರು. ಪ್ರಾರ್ಥನೆ ಆದ ಮೇಲೆ ಮಾಯ್ ಅದನ್ನು ಮಡಿಲಿಗೆ ಹಾಕಿಕೊಂಡು ಕೂರುತ್ತಿದ್ದರು. ಬೆರಳಿನಲ್ಲಿ ಒತ್ತಿ ನೋಡುವುದು, ಜೊಳ್ಳಾದರೆ ಪಕ್ಕಕ್ಕೆ, ಗಟ್ಟಿಯಾದರೆ ಸುಲಿದು ಹಾಲಿನ ಬಟ್ಟಲಿಗೆ. ಜೊತೆಗೆ ಎಣಿಕೆ. ಮನೆಯ ತಲೆಗೊಂದು ಕಾಳಾದರೂ ಬೀಳಬೇಕು. ಬೊಂಬಾಯಿಯ ಚಿಕ್ಕಪ್ಪನ ಹೆಸರಿಗೂ ಒಂದು. ಅಜ್ಜ ತೀರಿಕೊಂಡ ಮೇಲೂ ಅವರ ಹೆಸರಿನ ಕಾಳು ತಪ್ಪಲಿಲ್ಲ.

ನನಗೆ ಒಂಬತ್ತು ವರ್ಷ ಆಗಿದ್ದಾಗಿನ ಹಬ್ಬ ಇವತ್ತೂ ಕಣ್ಣ ಮುಂದಿದೆ. ಆ ವರ್ಷ ಆಗಸ್ಟ್ ಕೊನೆಗೆ ತಂಗಿ ಹುಟ್ಟಿದ್ದಳು. ಮನೆಯಲ್ಲಿ ಆಗಲೇ ಇಬ್ಬರು ಹೆಣ್ಣು ಮಕ್ಕಳು, ಇವಳು ಮೂರನೆಯವಳು. ಹಬ್ಬದ ಊಟಕ್ಕೆ ಬಂದಿದ್ದ ಹತ್ತಿರದ ಸಂಬಂಧಿಯೊಬ್ಬರು ತೊಟ್ಟಿಲು ನೋಡಿ ನಿಟ್ಟುಸಿರು ಬಿಟ್ಟರು. "ಈ ಸಲವೂ ದೇವರು ಕಣ್ಣು ಬಿಡಲಿಲ್ಲ" ಅಂದರು. ಬಾಣಂತಿ ಅಮ್ಮ ಒಳಕೋಣೆಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಮಾಯ್ ಕಾಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಒಂಬತ್ತು ದಿನ ಇಗರ್ಜಿಗೆ ಹೋಗಿ ಯಾರ ತೊಟ್ಟಿಲಿಗೆ ಹೂ ಹಾಕಿ ಬಂದೆ?" ಅಂತ ಕೇಳಿದರು.

ಅವರು ಸುಮ್ಮನಾದರು.

"ಹೆಣ್ಣು ಮಗು ಮರಿಯಮ್ಮನ ತೊಟ್ಟಿಲು ಅಲ್ವಾ ಅದು? ಅಲ್ಲಿ ದೇವರು ಕಣ್ಣು ಬಿಟ್ಟ ಅಂತ ಹಾಡಿ, ಇಲ್ಲಿ ಬಂದು ಮುಚ್ಚಿದ ಅಂತೀಯಲ್ಲ. ನಿನ್ನ ದೇವರು ಎಷ್ಟು ಜನ?" ಅಷ್ಟು ಹೇಳಿ ಇನ್ನೊಂದು ಕಾಳು ಸುಲಿದು ಬಟ್ಟಲಿಗೆ ಹಾಕಿದರು. "ಇದು ಸಣ್ಣವಳದ್ದು."

ನಾಲ್ಕನೇ ಕ್ಲಾಸಿನವರೆಗೆ ಓದಿದ ಹೆಂಗಸು. ಸಂಜೆ ತೇರ್ಸ್, ಅಂದರೆ ಜಪಮಾಲೆ, ಹೇಳುವಾಗ ಅರ್ಧ ದಾರಿಯ ಮೂರನೇ ರಹಸ್ಯಕ್ಕೇ ತೂಕಡಿಸುತ್ತಿದ್ದರು, ಅದೂ ನಿಜ. ಆದರೆ ದೇವರು ಯಾರು ಅನ್ನುವ ವಿಷಯದಲ್ಲಿ ಅವರಿಗೆ ಗೊಂದಲವೇ ಇರಲಿಲ್ಲ. ನಿನ್ನ ದೇವರು ಎಷ್ಟು ಜನ ಅನ್ನುವ ಆ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಈಗ ನಮ್ಮ ಧರ್ಮಕೇಂದ್ರದಲ್ಲಿ ಪಿಯುಸಿ ಓದುವ ಹುಡುಗಿಯರಿಗೆ ದೊತೊರ್ನ್, ಅಂದರೆ ಧರ್ಮಪಾಠ, ಕಲಿಸುತ್ತೇನೆ. ಪ್ರತಿ ಭಾನುವಾರ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಿಗೆ ಬಂದು ಕೂರುತ್ತದೆ.

ಈ ಸಲ ನೊವೆನಾದ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ, ಐದನೇ ದಿನ ಒಬ್ಬ ಹುಡುಗಿಗೆ ಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಓದಲು ಕೊಟ್ಟಿದ್ದೆ. ಚೆನ್ನಾಗಿ ಓದುತ್ತಾಳೆ. ಪೂಜೆಗೆ ಹತ್ತು ನಿಮಿಷ ಇದೆ ಅನ್ನುವಾಗ ಬಂದು, "ಇವತ್ತು ಬೇಡ ಮಿಸ್, ಬೇರೆಯವರಿಗೆ ಕೊಡಿ" ಅಂದಳು. ಮುಖ ನೋಡಿದರೆ ಗೊತ್ತಾಯಿತು. ಮುಟ್ಟಿನ ದಿನ. ಯಾರು ಹೇಳಿದರು ಹಾಗೆ ಅಂತ ಕೇಳಿದೆ. ಯಾರೂ ಹೇಳಿಲ್ಲವಂತೆ. "ದೇವರಿಗೆ ಇಷ್ಟ ಆಗಲಿಕ್ಕಿಲ್ಲ ಅಂತ ಅನಿಸಿತು."

ನಮ್ಮ ಧರ್ಮಸಭೆಯಲ್ಲಿ ಅಂಥ ನಿಯಮವೇ ಇಲ್ಲ. ಆದರೂ ಆ ಹುಡುಗಿಯ ಮನಸ್ಸಿನಲ್ಲಿ ಒಬ್ಬ ದೇವರು ಕೂತಿದ್ದಾನೆ, ತಿಂಗಳಿಗೆ ನಾಲ್ಕು ದಿನ ಮುಖ ತಿರುಗಿಸುವ ದೇವರು. ಅವನು ಎಲ್ಲಿಂದ ಬಂದ? ಯಾರೂ ಸರಿಯಾಗಿ ಹೇಳಿಕೊಡದಿದ್ದಾಗ ಗಾಳಿಯಲ್ಲಿದ್ದದ್ದು ಒಳಗೆ ಬಂದು ಕೂರುತ್ತದೆ.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆ ಎಲ್ಲರಿಗೂ ಗೊತ್ತು. ಜನರ ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುಸ್ವಾಮಿಯ ಉಡುಪು ಮುಟ್ಟಿದಳು. ಮೋಶೆಯ ಕಾನೂನಿನ ಪ್ರಕಾರ ಅವಳು ಅಶುದ್ಧಳು, ಮುಟ್ಟಲೇಬಾರದು. ಸ್ವಾಮಿ ನಿಂತರು. ನಡುಗುತ್ತಾ ಎದುರಿಗೆ ಬಂದವಳನ್ನು "ಮಗಳೇ" ಅಂತ ಕರೆದರು. ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಶುಭಸಂದೇಶಗಳನ್ನೂ ಹುಡುಕಿ ನೋಡಿ. ಯೇಸು ಒಬ್ಬ ಹೆಂಗಸನ್ನು ನೇರವಾಗಿ ಮಗಳೇ ಅಂತ ಕರೆದದ್ದು ಇವಳನ್ನು ಮಾತ್ರ. ಇದನ್ನು ಆ ಹುಡುಗಿಗೆ ಸ್ಯಾಕ್ರಿಸ್ಟಿಯ, ಅಂದರೆ ಫಾದರ್ ಪೂಜೆಗೆ ತಯಾರಾಗುವ ಕೋಣೆಯ, ಬಾಗಿಲಲ್ಲಿ ನಿಂತುಕೊಂಡೇ ಗಡಿಬಿಡಿಯಲ್ಲಿ ಹೇಳಿದೆ. ಓದಿದಳು. ಧ್ವನಿ ಸ್ವಲ್ಪ ನಡುಗಿತು, ಆದರೆ ಓದಿದಳು.

ಭಕ್ತಿ ಇದ್ದರೆ ಸಾಕು, ದೇವರ ಬಗ್ಗೆ ಅಷ್ಟೆಲ್ಲ ತಿಳಿಯುವುದು ಫಾದರ್‌ಗಳ ಕೆಲಸ ಅನ್ನುವವರಿದ್ದಾರೆ. ನನಗೆ ಆಗ ಮತ್ತಾಯನ 25ನೇ ಅಧ್ಯಾಯದಲ್ಲಿ, ಯಜಮಾನ ಮೂವರು ಸೇವಕರಿಗೆ ಹಣ ಒಪ್ಪಿಸಿ ಹೋದ ಕಥೆಯ ಆ ಮೂರನೇ ಸೇವಕ ನೆನಪಾಗುತ್ತಾನೆ. ಅವನು ಯಜಮಾನನ ಹಣ ಕದಿಯಲಿಲ್ಲ, ಕುಡಿದು ಹಾಳು ಮಾಡಲಿಲ್ಲ. ಯಜಮಾನ ಕಠಿಣ ಮನುಷ್ಯ ಅಂದುಕೊಂಡ. ಹೆದರಿದ. ಗುಂಡಿ ತೋಡಿ ಹೂತಿಟ್ಟ. ಅದೇ ಯಜಮಾನನನ್ನು ನಂಬಿ ಉಳಿದಿಬ್ಬರು ಎರಡರಷ್ಟು ಮಾಡಿದರು. ನಮ್ಮ ಹುಡುಗಿಯರಲ್ಲಿ ಹೀಗೆ ಹೂತಿಟ್ಟವರು ಎಷ್ಟು ಜನ! ಹಾಡುವ ಗಂಟಲು, ಲೆಕ್ಕದ ತಲೆ, ಪ್ರಶ್ನೆ ಕೇಳುವ ಧೈರ್ಯ. ದೇವರು ಕಠಿಣ ಅಂತ ನಂಬಿಸಿ ಕೈಗೆ ಗುದ್ದಲಿ ಕೊಟ್ಟವರು ನಾವೇ.

ಇದಕ್ಕಿಂತ ಕೆಟ್ಟದ್ದೂ ಕೇಳಿದ್ದೇನೆ. ಗಂಡನ ಕೈಯಲ್ಲಿ ಹೊಡೆಸಿಕೊಂಡು ತವರಿಗೆ ಬಂದ ಹುಡುಗಿಗೆ "ಅದು ನಿನ್ನ ಶಿಲುಬೆ, ಹೊತ್ತುಕೋ" ಅನ್ನುವುದು. ಹೇಳುವವರು ಕೆಟ್ಟವರಲ್ಲ. ದಿನಾ ಪೂಜೆಗೆ ಹೋಗುವವರೇ. ಆದರೆ ಯೇಸು ಶಿಲುಬೆಯನ್ನು ತಾವಾಗಿ ಎತ್ತಿಕೊಂಡರು, ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನೇ ಕೊಡುತ್ತೇನೆ ಅಂದರು. ಒಬ್ಬನ ಕುಡಿತವನ್ನೂ ಏಟನ್ನೂ ಶಿಲುಬೆ ಅಂತ ಕರೆದರೆ ಹೊಡೆಯುವ ಕೈ ದೇವರದ್ದು ಅಂದ ಹಾಗಾಗುತ್ತದೆ. ಆ ದೇವರನ್ನು ಹುಡುಗಿ ಪ್ರೀತಿಸುವುದು ಹೇಗೆ?

ಇನ್ನೊಂದು ಕಡೆ ಮೊಬೈಲಿನ ದೇವರಿದ್ದಾನೆ. ಈ ಪ್ರಾರ್ಥನೆಯನ್ನು ಹನ್ನೆರಡು ಜನರಿಗೆ ಕಳಿಸು, ಸಂಜೆಯೊಳಗೆ ಒಳ್ಳೆ ಸುದ್ದಿ. ಕಳಿಸದಿದ್ದರೆ ನೋಡು! ಇವನ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮರಿಯಮ್ಮನ ಹಾಗೆ ತಲೆ ತಗ್ಗಿಸಿಕೊಂಡಿರು ಅಂತ ನಮಗೆಲ್ಲ ಹೇಳಿ ಬೆಳೆಸಿದರು. ಲೂಕನ ಮೊದಲ ಅಧ್ಯಾಯ ಓದಿದರೆ ಹಾಗೆ ಕಾಣುವುದಿಲ್ಲ. ದೇವದೂತ ನಮಸ್ಕಾರ ಹೇಳುತ್ತಾನೆ. ಇದು ಎಂಥ ನಮಸ್ಕಾರ ಅಂತ ಅವಳು ಮೊದಲು ಯೋಚಿಸುತ್ತಾಳೆ. ಆಮೇಲೆ ಕೇಳುತ್ತಾಳೆ: ಇದು ಹೇಗಾದೀತು? ಉತ್ತರ ಬಂದ ಮೇಲೆ ಒಪ್ಪುತ್ತಾಳೆ.

ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆ ಬಂತು. "ಜೆಕರೀಯನೂ ಕೇಳಿದನಲ್ಲ ಮಿಸ್. ಅವನ ಮಾತು ನಿಂತು ಹೋಯಿತಲ್ಲ. ಇವಳು ಕೇಳಿದರೆ ಮಾತ್ರ ಪರವಾಗಿಲ್ಲವಾ?"

ನನಗೆ ಅಲ್ಲೇ ಕುಣಿಯಬೇಕು ಅನಿಸಿತು. ಎಷ್ಟು ವರ್ಷದಿಂದ ಇಂಥ ಪ್ರಶ್ನೆಗೆ ಕಾದಿದ್ದೇನೆ! ಜೆಕರೀಯ ಅದೇ ಅಧ್ಯಾಯದ ಮುದುಕ, ನಿನಗೆ ಮಗ ಹುಟ್ಟುತ್ತಾನೆ ಅಂತ ದೂತ ಅವನಿಗೂ ಹೇಳಿದ್ದ. ಇಬ್ಬರ ಮಾತನ್ನೂ ಪಕ್ಕ ಪಕ್ಕ ಇಟ್ಟು ಓದಿಸಿದೆ. ಇದು ನಿಜವೆಂದು ನನಗೆ ಗೊತ್ತಾಗುವುದು ಹೇಗೆ ಅಂತ ಅವನು ಪುರಾವೆ ಕೇಳಿದ. ದೇವಾಲಯದೊಳಗೆ ಧೂಪ ಹಾಕುತ್ತಿದ್ದ ಯಾಜಕ! ಇದು ಆಗುವುದು ಹೇಗೆ ಅಂತ ಅವಳು ದಾರಿ ಕೇಳಿದಳು, ನಜರೇತಿನ ಹುಡುಗಿ. ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ತನ್ನ ದೇವರು ಎಂಥವನು ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಹೆದರದೆ ಕೇಳಿದಳು, ಹೆದರದೆ ಹೂಂ ಅಂದಳು. ಬಂಧು ಎಲಿಜಬೇತಮ್ಮನ ಮನೆಯಲ್ಲಿ ಅವಳು ಹಾಡಿದ ಹಾಡೇ ಅದಕ್ಕೆ ಸಾಕ್ಷಿ. ಸಾಮುವೇಲನ ತಾಯಿ ಹನ್ನಳ ಹಾಡಿನ ಜಾಡು ಅದರಲ್ಲಿದೆ. ಬಲಿಷ್ಠರನ್ನು ಗದ್ದುಗೆಯಿಂದ ಇಳಿಸುವವನು, ಹಸಿದವರ ಹೊಟ್ಟೆ ತುಂಬಿಸುವವನು. ತನ್ನ ದೇವರು ಯಾರೆಂದು ಹೇಳಲು ಅವಳು ತಡವರಿಸಲಿಲ್ಲ. ಮನೆಯಲ್ಲಿ ಯಾರೋ ಸರಿಯಾಗಿ ಹೇಳಿಕೊಟ್ಟಿದ್ದರು ಅಂತ ನನಗೆ ಅನಿಸುತ್ತದೆ. ತಾಯಿ ಅನ್ನಮ್ಮನೇ ಇರಬೇಕು. ಅನ್ನಮ್ಮ, ತಂದೆ ಜೋಕಿಮರ ಹೆಸರು ಬೈಬಲಿನಲ್ಲಿಲ್ಲ, ಪರಂಪರೆಯಿಂದ ಬಂದದ್ದು. ಇರಲಿ.

ಹಬ್ಬದ ದಿನದ ಶುಭಸಂದೇಶ ಮತ್ತಾಯನ ವಂಶಾವಳಿ. ಅಬ್ರಹಾಮನಿಂದ ಶುರುವಾಗಿ ಮೂರು ಸಲ ಹದಿನಾಲ್ಕು ತಲೆಮಾರು. ಇವನಿಂದ ಅವನು, ಅವನಿಂದ ಇನ್ನೊಬ್ಬ. ಸಣ್ಣವರಿದ್ದಾಗ ನಮಗೆ ಅದು ಶಿಕ್ಷೆ. ಹೊರಗೆ ಜಗಲಿಯಲ್ಲಿ ಪೂಜೆ ಮುಗಿದ ಮೇಲೆ ಹಂಚುವ ಕಬ್ಬಿನ ಕಟ್ಟು ಕಾಣುತ್ತಿರುತ್ತದೆ, ಒಳಗೆ ಹೆಸರುಗಳು ಮುಗಿಯುವುದೇ ಇಲ್ಲ. ಈಗ ಅದೇ ಪಟ್ಟಿಗಾಗಿ ಕಾಯುತ್ತೇನೆ. ಗಂಡಸರ ಉದ್ದ ಸಾಲಿನ ನಡುವೆ ಐದು ಕಡೆ ಹೆಂಗಸರು ಬರುತ್ತಾರೆ. ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ, ಕೊನೆಗೆ ಮರಿಯಮ್ಮ. ಮೊದಲ ನಾಲ್ವರ ಕಥೆಗಳನ್ನು ಮನೆಯಲ್ಲಿ ಹೇಳಲು ಹಿಂಜರಿಯುತ್ತೇವೆ, ಅಂಥ ಕಥೆಗಳು. ದೇವರು ಹಿಂಜರಿಯಲಿಲ್ಲ. ತನ್ನ ಮಗನ ಮನೆತನದಲ್ಲಿ ಅವರನ್ನೂ ಬರೆಸಿದ.

ನಮ್ಮ ಮನೆಗಳ ಗೋಡೆಯಲ್ಲಿ ಗುಲಾಬಿ ಹಿಡಿದ ಪುಟ್ಟ ತೆರೇಸಾಳ, ಫ್ರಾನ್ಸಿನ ಆ ಸನ್ಯಾಸಿನಿಯ, ಪಟ ಇರುತ್ತದೆ. 1897ರಲ್ಲಿ, 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡವಳು. ದೇವರೆಂದರೆ ನಡುಗಬೇಕು ಅನ್ನುವ ಭಕ್ತಿ ಸುತ್ತಲೂ ಗಟ್ಟಿಯಾಗಿದ್ದ ಕಾಲ. ಪ್ರಾರ್ಥನೆಯಲ್ಲಿ ನಿದ್ದೆ ಬಂದರೂ ಅವಳು ಹೆದರಲಿಲ್ಲ, ಮಲಗಿದ ಮಗುವಿನ ಮೇಲೂ ಹೆತ್ತವರಿಗೆ ಪ್ರೀತಿ ಇರುತ್ತದೆ ಅಂದಳು. ಆ ಹುಡುಗಿಯನ್ನು 1997ರಲ್ಲಿ ಧರ್ಮಸಭೆಯ ಪಂಡಿತೆ ಅಂತ ಘೋಷಿಸಿದರು. ಮಾಯ್ ತೂಕಡಿಸುತ್ತಿದ್ದದ್ದನ್ನು ನೆನೆದು ನಾನು ಪಟದ ಮುಂದೆ ಆಗಾಗ ನಗುತ್ತೇನೆ.

ಹಬ್ಬ ಮೊದಲಿನ ಹಾಗಿಲ್ಲ, ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಮಂಗಳೂರು ಹತ್ತಿರದ ಫರಂಗಿಪೇಟೆಯ ಮೊಂತಿ ಮರಿಯಾನೊ ಗುಡ್ಡದಲ್ಲಿ 1763ರಲ್ಲಿ ಫಾದರ್ ಜೋಕಿಮ್ ಮಿರಾಂದಾ ಈ ಹಬ್ಬ ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ. ಈ ಹಬ್ಬಕ್ಕಿರುವ ಮೊಂತಿ ಅನ್ನುವ ಇನ್ನೊಂದು ಹೆಸರೇ ಆ ಗುಡ್ಡದ್ದು. ಅಂದಿನಿಂದ ಗದ್ದೆಯ ಜೊತೆ ಬೆಳೆದ ಹಬ್ಬ. ಈಗ ನಮ್ಮೂರಲ್ಲಿ ತೆನೆ ಕೊಡಲು ಒಂದೇ ಗದ್ದೆ ಉಳಿದಿದೆ, ಉಳಿದವು ಸೈಟು. ಮಕ್ಕಳು ಬೇಲಿಯಿಂದ ಕಿತ್ತು ತರುತ್ತಿದ್ದ ಹೂವಿನ ಬದಲು ಅಂಗಡಿಯ ಸೇವಂತಿಗೆ. ಕೆಸುವಿನ ದಂಟು, ಅಂಬಟೆ, ಹರಿವೆ ಅಂತ ಐದೋ ಏಳೋ ತರಕಾರಿ ಮಾಡುವ ಬದಲು ಹೊರಗಿನಿಂದ ಊಟ ತರಿಸುತ್ತಾರೆ. ಅದಕ್ಕೂ ನಾನು ಅಷ್ಟು ಕೊರಗುವುದಿಲ್ಲ. ಹೂ ಹಾಕುವ ಹುಡುಗಿಗೆ ಆ ತೊಟ್ಟಿಲಲ್ಲಿ ಯಾರಿದ್ದಾರೆ, ಯಾಕೆ ಇದ್ದಾರೆ ಅಂತ ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಮಾತ್ರ ಹೊಟ್ಟೆ ಉರಿಯುತ್ತದೆ. ತೇರ್ಸ್ ಮುಗಿದ ಮೇಲೆ ಹಿರಿಯರ ಮುಂದೆ ಕೈ ಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಹೊತ್ತು ಎಷ್ಟೋ ಮನೆಗಳಲ್ಲಿ ಸೀರಿಯಲ್ಲಿಗೆ ಹೋಯಿತು. ಮಾಯ್ ನಮಗೆ ದೇವರ ಬಗ್ಗೆ ಹೇಳಿದ್ದೆಲ್ಲ ಆ ಹೊತ್ತಿನಲ್ಲೇ.

ಹಬ್ಬದ ಸಂಜೆ ತಂಗಿ ಶಾರ್ಜಾದಿಂದ ಫೋನ್ ಮಾಡಿದಳು. ತೊಟ್ಟಿಲಲ್ಲಿದ್ದ ಆ ಮೂರನೆಯವಳೇ. ಜೂನ್‌ನಲ್ಲಿ ಅವಳಿಗೆ ಎರಡನೇ ಮಗು ಆಯಿತು, ಎರಡೂ ಹೆಣ್ಣು. "ಊರಿಂದ ಒಬ್ಬರು ಫೋನ್ ಮಾಡಿ ಬೇಜಾರು ಮಾಡ್ಕೋಬೇಡ ಅಂದ್ರು ಅಕ್ಕಾ" ಅಂದಳು. ನಗುತ್ತಲೇ ಹೇಳಿದಳು. ಅಳುತ್ತಿಲ್ಲ ತಾನೇ ಅಂತ ಕೇಳಿದೆ. "ಅಳೋದ್ಯಾಕೆ? ಯಾರ ತೊಟ್ಟಿಲಿಗೆ ಹೂ ಹಾಕಿ ಬಂದ್ರಿ ಅಂತ ಕೇಳಿದೆ."

ಆ ಹಬ್ಬದಂದು ಅವಳು ಹತ್ತು ದಿನದ ಕೂಸು. ಆ ಮಾತನ್ನು ನಾನೇ ಅವಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ತೆನೆ ಕಳಿಸು ಅಂತ ನೆನಪಿಸಿ ಫೋನ್ ಇಟ್ಟಳು. ಪ್ರತಿ ವರ್ಷ ಲಕೋಟೆಯಲ್ಲಿ ಕಳಿಸುತ್ತೇನೆ. ಇವತ್ತು ಬೆಳಿಗ್ಗೆ ಪೀಠದ ಮೇಲಿಂದ ಉಳಿದ ತೆನೆ ತೆಗೆದು ಕಿಟಕಿಯ ಬೆಳಕಿನಲ್ಲಿ ಕೂತೆ. ಒಂದೊಂದೇ ಕಾಳನ್ನು ಒತ್ತಿ ನೋಡಿದೆ. ಜೊಳ್ಳು ಆರಿಸಿ ಹೊರಗೆ ಹಾಕಿದೆ. ಅವಳದ್ದು, ಗಂಡನದ್ದು, ದೊಡ್ಡವಳದ್ದು. ಆಮೇಲೆ ಇನ್ನೊಂದು ಗಟ್ಟಿ ಕಾಳು ಹುಡುಕಿ ಇಟ್ಟೆ. ಇದು ಸಣ್ಣವಳದ್ದು.