ಯೆಜ್ಡಿ ಟ್ಯಾಂಕಿನೊಳಗೆ ಪುನರ್ವಸು ಮಳೆ

2025 ಜುಲೈ 20, ಭಾನುವಾರ
ತೀರ್ಥಹಳ್ಳಿ ಹತ್ತಿರ, ಮನೆ

ಬೆಳಿಗ್ಗೆ ಎದ್ದಾಗ ಮಳೆ ಹೊಳವಾಗಿತ್ತು. ಎರಡು ವಾರ ಬಿಡದೆ ಹೊಡೆದಿತ್ತು. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಲು ಇಂಥದೊಂದು ಹೊಳವಿಗೇ ಕಾಯ್ತಾ ಇದ್ದೆವು. ಆದರೆ ಮೈಲುತುತ್ತು ಸಾಲದು, ಪೇಟೆಯಿಂದ ತರಬೇಕು. ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಟಾರ್ಪಾಲಿನಡಿ ನಿಂತಿದ್ದ ಯೆಜ್ಡಿ ಬೈಕನ್ನು ಅಂಗಳಕ್ಕೆ ತಂದೆ.

ಇದು ಅಪ್ಪಯ್ಯನ ಗಾಡಿ. ರೋಡ್‌ಕಿಂಗ್, 250 ಸಿಸಿ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೂ ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಈ ಗಾಡಿ ಇದೆ. ನಾನು ಗೇರ್ ಹಾಕಲು ಕಲಿತಿದ್ದು ಇದರಲ್ಲೇ. ಇದು ಸ್ಟಾರ್ಟ್ ಆಗದ ದಿನ ನನಗೆ ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ.

ಜೂನ್ ಕೊನೆಯಲ್ಲೇ ಬ್ಯಾಟರಿ ಬಿಚ್ಚಿ ಒಳಗಿಟ್ಟಿದ್ದೆ, ನಿನ್ನೆ ಚಾರ್ಜ್ ಮಾಡಿದ್ದೆ. ಕೂರಿಸಿ ಕೀ ತಿರುಗಿಸಿದರೆ ಕೆಂಪು ದೀಪ ಚೆನ್ನಾಗಿ ಹತ್ತಿತು. ಹಾಗಾಗಿ ಬ್ಯಾಟರಿ ಮೇಲೆ ಅನುಮಾನ ಇಲ್ಲ. ಕಿಕ್ ಹೊಡೆದೆ. ಹತ್ತು, ಇಪ್ಪತ್ತು. ಏನೂ ಇಲ್ಲ.

ಅಪ್ಪಯ್ಯ ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸ್ತಾ ಇದ್ದರು. "ಸಾಕು ಮಾರಾಯ, ಸುಮ್ನೆ ಒದೀಬೇಡ. ಪ್ಲಗ್ ಬಿಚ್ಚು ಮೊದ್ಲು."

ಬಿಚ್ಚಿದೆ. ಕಿಡಿ ಹಾರುವ ತುದಿ ಒದ್ದೆ. ಪೆಟ್ರೋಲ್ ಜಾಸ್ತಿ ಕುಡಿದಿದೆ ಅಂದುಕೊಂಡೆ. "ಬೆರಳಲ್ಲಿ ತಿಕ್ಕಿ ನೋಡು, ಜಿಡ್ಡಿದ್ಯಾ?" ಅಂತ ಕೇಳಿದರು. ತಿಕ್ಕಿದೆ. ಜಿಡ್ಡು ಅಷ್ಟೇನೂ ಇರಲಿಲ್ಲ. "ಇಲ್ಲ" ಅಂದೆ, ಆದರೆ ಆಗ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಹೋಗುತ್ತದೆ, ನಾವು ಲೀಟರಿಗೆ 40 ಎಂಎಲ್ ಹಾಕುತ್ತೇವೆ. ಪ್ಲಗ್ ಪೆಟ್ರೋಲಿನಲ್ಲಿ ನೆಂದಿದ್ದರೆ ಬೆರಳಿಗೆ ಜಿಡ್ಡು ಅಂಟಲೇಬೇಕಿತ್ತು, ಅಲ್ವಾ?

ಪ್ಲಗ್ ಉಜ್ಜಿ, ಒರೆಸಿ, ಒಣಗಿಸಿ, ಕ್ಯಾಪ್ ಸಿಕ್ಕಿಸಿ, ರಂಧ್ರದಿಂದ ದೂರ ಇಂಜಿನ್ನಿನ ಲೋಹಕ್ಕೆ ಒತ್ತಿ ಹಿಡಿದೆ. ತಮ್ಮ ಕಿಕ್ ಹೊಡೆದ. ಕಿಡಿ ಬಂತು, ಆದರೆ ಕೇಸರಿ ಬಣ್ಣದ್ದು, ತೆಳ್ಳಗೆ, ಒಂದು ಸಲ ಬಂದರೆ ಎರಡು ಸಲ ಇಲ್ಲ. ಬಲಗಡೆ ಕವರ್ ತೆಗೆದು ಪಾಯಿಂಟ್ ನೋಡಿದೆ, ಕೂಡಿ ಬಿಟ್ಟು ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್ ಅದು. ಎರಡು ಮುಖಗಳ ಮೇಲೂ ಬೂದಿ ಬಣ್ಣದ ಪೊರೆ. ಈ ಶೀತಕ್ಕೆ ಕೀಲು, ಬೀಗ ಎಲ್ಲ ತುಕ್ಕು ಹಿಡಿಯುವಾಗ ಪಾಯಿಂಟ್ ಹೇಗೆ ಉಳಿದೀತು? ನಯವಾದ ಉಪ್ಪುಕಾಗದದ ಚಿಕ್ಕ ತುಂಡು ಮಡಚಿ ನಡುವೆ ತೂರಿಸಿ ಮೆತ್ತಗೆ ಎಳೆದೆ. ಆಮೇಲೆ ಪೆಟ್ರೋಲಲ್ಲಿ ಅದ್ದಿದ ಬಟ್ಟೆ. ಜಾಸ್ತಿ ತಿಕ್ಕಿದರೆ ಗ್ಯಾಪ್ ಬದಲಾಗುತ್ತದೆ, ಅದಕ್ಕೇ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್ ಇಟ್ಟು 0.4 ಮಿ.ಮೀ. ಇದೆಯಾ ಅಂತ ನೋಡಿಕೊಂಡೆ. ಪೆಟ್ರೋಲ್ ವಾಸನೆ ಹೋಗುವವರೆಗೆ ಬಿಟ್ಟು ಮತ್ತೆ ಕಿಕ್. ಈ ಸಲ ನೀಲಿ ಕಿಡಿ, ಟಿಕ್ ಅಂತ ಸದ್ದು ಬೇರೆ.

ಪ್ಲಗ್ ಹಾಕಿ ಹೊಡೆದರೆ ಗಾಡಿ ಒಂದು ಸಲ ಕೆಮ್ಮಿ ನಿಂತಿತು. ಮತ್ತೆ ಬಿಚ್ಚಿದೆ. ಮತ್ತೆ ಒದ್ದೆ. ಮತ್ತೆ ಜಿಡ್ಡಿಲ್ಲ. ಆಗ ತಲೆಗೆ ಹೊಳೆಯಿತು.

ಪೆಟ್ರೋಲ್ ಪೈಪ್ ಕಳಚಿ, ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿ, ಅಂದರೆ ಕಾಕ್, ರಿಸರ್ವ್‌ಗೆ ತಿರುಗಿಸಿ, ಗಾಜಿನ ಬಾಟಲಿಗೆ ಬಿಟ್ಟೆ. ಐದು ನಿಮಿಷ ಜಗುಲಿ ಕಟ್ಟೆಯ ಮೇಲಿಟ್ಟೆವು. ಮೇಲೆ ಹಸಿರು ಛಾಯೆಯ ಪೆಟ್ರೋಲ್, ಆಯಿಲಿನ ಬಣ್ಣ ಅದು. ಕೆಳಗೆ ಎರಡು ಬೆರಳು ದಪ್ಪಕ್ಕೆ ಬಣ್ಣವೇ ಇಲ್ಲದ, ಸ್ವಲ್ಪ ಮಬ್ಬು ನೀರು. ನಡುವೆ ಗೆರೆ ಎಳೆದ ಹಾಗೆ. ಬಾಟಲಿ ಓರೆ ಮಾಡಿದರೂ ಗೆರೆ ಮಟ್ಟವಾಗಿಯೇ ನಿಲ್ಲುತ್ತಿತ್ತು.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಸ್ವಲ್ಪ ನೀರು ಸೇರಿದರೆ ಎಥನಾಲ್ ಅದನ್ನು ಹೀರಿಕೊಂಡು ಗೊತ್ತೇ ಆಗದ ಹಾಗೆ ಇಟ್ಟುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಕಾಕ್ ಎಳೆಯುವುದು ತಳದಿಂದಲೇ, ಹಾಗಾಗಿ ಕಾರ್ಬೊರೇಟರಿಗೆ ಮೊದಲು ಹೋಗುವುದು ಅದೇ. ನನಗೆ ಹೆದರಿಕೆ ಆಗಿದ್ದು ಇನ್ನೊಂದಕ್ಕೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದಿರುತ್ತದೆ. ಗಾಡಿ ಹೇಗೋ ಸ್ಟಾರ್ಟ್ ಆಗಿ ಇದರಲ್ಲೇ ನಾಲ್ಕು ಮೈಲಿ ಓಡಿದ್ದರೆ ಪಿಸ್ಟನ್ನಿಗೆ ಜಿಡ್ಡೇ ಸಿಗುತ್ತಿರಲಿಲ್ಲ.

ನೀರು ಬಂದ ದಾರಿ ಮಾಡಿನಲ್ಲಿತ್ತು. ಒಂದು ಹಂಚು ಸರಿದಿದೆ, ಹನಿ ನೇರ ಟ್ಯಾಂಕಿನ ಮೇಲೆ. ಟಾರ್ಪಾಲು ಅಲ್ಲೇ ಮಡಿಕೆ ಬಿದ್ದು ಹರಿದಿದೆ. ಟ್ಯಾಂಕ್ ಮುಚ್ಚಳದ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆದೆ. ಕಾರ್ಬೊರೇಟರಿನ ತಳ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದಿ, ಒರೆಸಿ ಹಾಕಿದೆ. ಪ್ಲಗ್ ಇಲ್ಲದೆ, ಕೀ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹದಿನೈದು ಕಿಕ್ ಹೊಡೆದೆ, ಇಂಜಿನ್ನಿನ ತಳದ ಕ್ರ್ಯಾಂಕ್ ಕೇಸಿನಲ್ಲಿ ನಿಂತಿದ್ದೆಲ್ಲ ಹೊರಗೆ ಬರಲಿ ಅಂತ. ಪಕ್ಕದ ಮನೆ ಅಣ್ಣ ಎರಡು ಲೀಟರ್ ಹೊಸ ಪೆಟ್ರೋಲ್ ಕೊಟ್ಟರು. 80 ಎಂಎಲ್ ಆಯಿಲ್ ಬೆರೆಸಿ ಹಾಕಿದೆ.

ಮೂರನೇ ಕಿಕ್‌ಗೆ ಹಿಡಿಯಿತು. ಅಂಗಳದ ತುಂಬ ಹೊಗೆ, ಕೊಟ್ಟಿಗೆಯಲ್ಲಿ ದನ ಎದ್ದು ನಿಂತವು. ಅಪ್ಪಯ್ಯ ಅಡಕತ್ತರಿ ಕೆಳಗಿಟ್ಟು ಇಳಿದು ಬಂದರು. ಎರಡೂ ಸೈಲೆನ್ಸರಿನ ಬಾಯಿಗೆ ಒಂದೊಂದು ಅಂಗೈ ಹಿಡಿದು ಸ್ವಲ್ಪ ಹೊತ್ತು ನಿಂತರು. "ಎರಡೂ ಕಡೆ ಸಮ ಬರ್ತಾ ಇದೆ" ಅಂದರು.

ಅಷ್ಟೊತ್ತಿಗೆ ಮೂರು ಗಂಟೆ, ಅಂಗಡಿ ಮುಚ್ಚಿರುತ್ತದೆ. ಹಂಚು ಸರಿ ಮಾಡಿದೆ. ವಾಷರಿಗೆ ಸೈಕಲ್ ಟ್ಯೂಬ್ ಕತ್ತರಿಸಲು ಹೋಗಿ ಬಿಟ್ಟೆ, ಪೆಟ್ರೋಲಿಗೆ ಅದು ಉಬ್ಬುತ್ತದೆ. ನಾಳೆ ಬೆಳಿಗ್ಗೆ ತೀರ್ಥಹಳ್ಳಿಗೆ: ಮೈಲುತುತ್ತು, ಸುಣ್ಣ, ಟ್ಯಾಂಕ್ ಮುಚ್ಚಳದ ವಾಷರ್. ಅಪ್ಪಯ್ಯನೂ ಹಿಂದೆ ಕೂತು ಬರುತ್ತಾರಂತೆ. ಈಗ ಮತ್ತೆ ಮಳೆ ಹಿಡಿದಿದೆ.