ಬೆಲ್‌ಫಾಸ್ಟ್‌ನ ಅಡುಗೆಮನೆಯಲ್ಲಿ ಕೇಳಿದ ಪ್ರಶ್ನೆ

ಡಬ್ಲಿನ್‌ಗೆ ಬಂದು ನಾಲ್ಕು ವರ್ಷ ಆದ ಮೇಲೆ ಮೊದಲ ಸಲ ಬೆಲ್‌ಫಾಸ್ಟ್‌ಗೆ ಹೋದೆ. ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ದಾರಿ ಅಷ್ಟೇ. ಆದರೆ ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ನನ್ನದು ಭಾರತದ ಪಾಸ್‌ಪೋರ್ಟ್. ಐರ್ಲೆಂಡಿನಲ್ಲಿ ಇರಲು ಕೊಟ್ಟ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ಬ್ರಿಟನ್ ವೀಸಾ ಬೇಕು. ಅದು ಕೈಗೆ ಬಂದ ಮೇಲೆ ಆಫೀಸಿನ ಗೆಳತಿ ಅವಳ ಅಪ್ಪನ ಮನೆಗೆ ಕರೆದುಕೊಂಡು ಹೋದಳು.

ಡಂಡಾಕ್ ಆಯ್ತು, ನ್ಯೂರಿ ಬಂತು, ನಡುವೆ ಗಡಿ ದಾಟಿದ್ದೇ ಗೊತ್ತಾಗಲಿಲ್ಲ. ಮೊಬೈಲಿಗೆ ಬ್ರಿಟನ್ನಿನ ನೆಟ್‌ವರ್ಕ್ ಮೆಸೇಜ್ ಬಂತು, ಅಷ್ಟೇ. ವೀಸಾ ಯಾರೂ ಕೇಳಲಿಲ್ಲ. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದಕ್ಕೆ ಮುಂಚೆ ಈ ಗುಡ್ಡಗಳ ಮೇಲೆ ಸೈನ್ಯದ ಕಾವಲು ಗೋಪುರಗಳಿದ್ದವು ಅಂತ ಗೆಳತಿ ಕಿಟಕಿಯಿಂದ ತೋರಿಸಿದಳು. ಬ್ರಿಟನ್ನಿನಲ್ಲೇ ಇರೋಣ ಅನ್ನುವವರಿಗೂ (ಹೆಚ್ಚಾಗಿ ಪ್ರಾಟೆಸ್ಟೆಂಟರು) ಐರ್ಲೆಂಡಿಗೆ ಸೇರೋಣ ಅನ್ನುವವರಿಗೂ (ಹೆಚ್ಚಾಗಿ ಕ್ಯಾಥೊಲಿಕರು) ನಡುವೆ ಮೂರು ದಶಕ ನಡೆದ ಗಲಭೆಯಲ್ಲಿ 3,500ಕ್ಕೂ ಜಾಸ್ತಿ ಜನ ಸತ್ತರು.

ನಾನು ಅಲ್ಲಿವರೆಗೆ ಅಂದುಕೊಂಡಿದ್ದು ಒಂದೇ. 1921ರಲ್ಲಿ ಎರಡಾಗಿ ಒಡೆದ ಐರ್ಲೆಂಡ್ ದ್ವೀಪ, ಮತ್ತೆ ಒಂದಾಗಲಿ. ಆಫೀಸಿನಲ್ಲಿ ಊಟದ ಹೊತ್ತಿಗೂ ಇದೇ ಮಾತು: 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟೆಂಟ್ ಮತ್ತು ಇತರ ಕ್ರೈಸ್ತ ಹಿನ್ನೆಲೆಯವರು ಶೇ. 43.5, ಇನ್ನೇನು ಒಂದಾಗೇ ಬಿಡುತ್ತೆ. ಕ್ಯಾಥೊಲಿಕ್ ಆದವರೆಲ್ಲ ಒಂದಾಗಲಿ ಅಂತಲೇ ವೋಟು ಹಾಕುತ್ತಾರೆ ಅಂತ ಹೇಳಿದವರು ಯಾರು?

ಗೆಳತಿಯ ಅಪ್ಪ ಪ್ರಾಟೆಸ್ಟೆಂಟ್. ಹಡಗು ಕಟ್ಟುವ ಯಾರ್ಡ್‌ನಲ್ಲಿ ದುಡಿದವರು. ಮಗಳು ಬ್ರೆಕ್ಸಿಟ್ ಆಗಿ ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಂದ ಮೇಲೆ ಐರಿಷ್ ಪಾಸ್‌ಪೋರ್ಟ್ ಮಾಡಿಸಿದಳು, ಅವರದು ಬ್ರಿಟಿಷ್. 1998ರ ಒಪ್ಪಂದದ ಪ್ರಕಾರ ಎರಡೂ ಸರಿ. ಚಹಾ ಕೊಟ್ಟು ನನ್ನನ್ನು ಕೇಳಿದರು, "ಡಬ್ಲಿನ್‌ನಲ್ಲಿ ಡಾಕ್ಟರ್ ಹತ್ತಿರ ಹೋದರೆ ಎಷ್ಟು ಕೊಡ್ತೀಯಮ್ಮ?" ಹೋದ ತಿಂಗಳು ಜ್ವರಕ್ಕೆ 60 ಯೂರೋ ಕೊಟ್ಟೆ ಅಂದೆ. ಅವರು ಮಗಳ ಮುಖ ನೋಡಿದರು. ಇಲ್ಲಿ ಅವರು ಡಾಕ್ಟರಿಗೆ ಒಂದು ಪೈಸೆ ಕೊಡುವುದಿಲ್ಲ.

"ಒಂದಾಗೋಕೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಂದರೆ ಸಾಕು ಅಂತಾರೆ. ಇನ್ನರ್ಧ ನಾನಲ್ವಾ? ನನ್ನ ಪೆನ್ಷನ್ ಯಾರು ಕೊಡ್ತಾರೆ?" ದನಿ ಏರಿಸದೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಳತಿಗೂ ಇರಲಿಲ್ಲ, ಆದರೆ ಅವಳ ಸಂಕಟವೇ ಬೇರೆ: 2016ರ ಬ್ರೆಕ್ಸಿಟ್ ಮತದಾನದಲ್ಲಿ ಉತ್ತರ ಐರ್ಲೆಂಡಿನಲ್ಲಿ ವೋಟು ಹಾಕಿದ ಶೇ. 55.8 ಮಂದಿ ಯುರೋಪ್ ಒಕ್ಕೂಟದಲ್ಲೇ ಉಳಿಯೋಣ ಅಂದರೂ ಹೊರಗೆ ಹೋಗಬೇಕಾಯ್ತು, ಆಗ ನಮ್ಮನ್ನು ಕೇಳಿದವರು ಯಾರು ಅಂತ.

ಒಂದಾಗುವುದು ಒಳ್ಳೆಯದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆಸ್ಪತ್ರೆ, ಪೆನ್ಷನ್, ಬಾವುಟ ಎಲ್ಲಾ ಹೇಗೆ ಅಂತ ಮೊದಲೇ ಬರೆದಿಟ್ಟು ಆಮೇಲೆ ವೋಟು ಕೇಳಬೇಕು. ಬ್ರೆಕ್ಸಿಟ್‌ನಲ್ಲಿ ಅದು ಆಗಲಿಲ್ಲ.

ಸಂಜೆ ಪ್ರಾಟೆಸ್ಟೆಂಟರ ಶಾಂಕಿಲ್ ಮತ್ತು ಕ್ಯಾಥೊಲಿಕರ ಫಾಲ್ಸ್ ರಸ್ತೆಗಳ ನಡುವಿನ ಗೋಡೆ ನೋಡಿದೆವು. ಮನೆಗಿಂತ ಎತ್ತರ. ಅದರ ಗೇಟುಗಳನ್ನು ಈಗಲೂ ರಾತ್ರಿ ಮುಚ್ಚುತ್ತಾರೆ.

ಸೋಮವಾರ ಊಟದ ಹೊತ್ತಿಗೆ ಅದೇ ಮಾತು ಬಂದಾಗ ಪೆನ್ಷನ್ ಯಾರು ಕೊಡ್ತಾರೆ ಅಂತ ನಾನೇ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.